ಕಟ್ಟೆಯ ನೀರು, ತಂತಿಯ ಪ್ರವಾಹ: ಮೈಸೂರು ಜಿಲ್ಲೆಯ ಪಶ್ಚಿಮ ತಾಲ್ಲೂಕುಗಳೂ ವಿದ್ಯುಚ್ಛಕ್ತಿಯೂ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಎಂಬ ನಾಲ್ಕು ತಾಲ್ಲೂಕುಗಳು ಮೈಸೂರು ಜಿಲ್ಲೆಯ ಪಶ್ಚಿಮ ಭಾಗದಲ್ಲಿ ಒತ್ತಿಕೊಂಡಿವೆ. (ಇತ್ತೀಚಿನ ವರ್ಷಗಳಲ್ಲಿ ಬೇರ್ಪಟ್ಟ ಸಾಲಿಗ್ರಾಮ, ಸರಗೂರು ತಾಲ್ಲೂಕುಗಳನ್ನು ಇಲ್ಲಿ ಅವುಗಳ ಹಳೆಯ ತಾಲ್ಲೂಕುಗಳೊಡನೆಯೇ ಎಣಿಸಿದೆ.) ಈ ಪ್ರದೇಶದ ಭೂಪಟವನ್ನು ಎದುರಿಗಿಟ್ಟುಕೊಂಡು ನದಿಗಳ ಜಾಡನ್ನು ಹಿಡಿದು ಹೋದರೆ ಒಂದು ಸಂಗತಿ ಗೋಚರಿಸುತ್ತದೆ. ಪಿರಿಯಾಪಟ್ಟಣದ ಅಂಚನ್ನು ಮುಟ್ಟಿ ಕೃಷ್ಣರಾಜನಗರಕ್ಕೆ ಬರುವುದು ಕಾವೇರಿ; ಕೊಡಗಿನ ಬ್ರಹ್ಮಗಿರಿಯಲ್ಲಿ ಹುಟ್ಟಿ ಹುಣಸೂರನ್ನು ಹಾದು ಕಾವೇರಿಯನ್ನು ಸೇರುವುದು ಲಕ್ಷ್ಮಣತೀರ್ಥ; ವಯನಾಡಿನಿಂದಿಳಿದು ಹೆಗ್ಗಡದೇವನಕೋಟೆಯ ಕಾಡನ್ನು ಸೀಳಿ ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯೊಡನೆ ಕೂಡುವುದು ಕಪಿಲೆ, ಎಂದರೆ ಕಬಿನಿ. ಈ ಮೂರೂ ಒಂದಾಗಿ ಕೆಳಗೆ ಹರಿದು ಧುಮುಕುವ ಸ್ಥಳವೇ ಶಿವನಸಮುದ್ರ. 1902ರಲ್ಲಿ ಮೈಸೂರು ಸಂಸ್ಥಾನದ ಮೊದಲ ವಿದ್ಯುದಾಗಾರ ಕೆಲಸಮಾಡತೊಡಗಿದ್ದು ಅಲ್ಲಿಯೇ.

ಆದರೆ ಆ ವಿದ್ಯುತ್ತು ಹರಿದದ್ದು ಮೂಡಣ ದಿಕ್ಕಿಗೆ. ನೀರು ಕೊಟ್ಟ ಊರುಗಳಿಗೆ ದೀಪ ಬಂದದ್ದು ಎಷ್ಟೋ ದಶಕಗಳ ಅನಂತರ. ಹೀಗೇಕಾಯಿತೆಂಬುದು ಇತಿಹಾಸದ ಪ್ರಶ್ನೆಯೇ ಸರಿ. ಆದರೂ ವಿದ್ಯುತ್ತು ಎಂದರೇನು, ಅದು ನಿಂತಾಗ ಹೇಗಿರುತ್ತದೆ, ಹರಿದಾಗ ಹೇಗಿರುತ್ತದೆ ಎಂಬುದನ್ನು ತಿಳಿಯದೆ ಇದಕ್ಕೆ ಉತ್ತರ ಹೇಳುವುದು ಸಾಧ್ಯವಿಲ್ಲ. ಭೌತವಿಜ್ಞಾನ ಇತಿಹಾಸದ ಅಧ್ಯಾಪಕನಿಗೆ ಎರವಲಿನ ವಿದ್ಯೆ. ಹಾಗಿದ್ದರೂ ಪ್ರಕೃತ ಲೇಖನದಲ್ಲಿ ಮೊದಲು ಆ ಎರವಲನ್ನು ಪಡೆದು, ಅನಂತರ ಸ್ವಂತ ಹೊಲಕ್ಕೆ ಬರುವುದು ಅನಿವಾರ್ಯವಾಗಿದೆ.

ಮಾಘಮಾಸದ ಒಣ ಚಳಿಯಲ್ಲಿ ತಲೆ ಬಾಚಿಕೊಂಡ ಹಣಿಗೆಯನ್ನು ಕಾಗದದ ಚೂರುಗಳ ಹತ್ತಿರ ಹಿಡಿದರೆ ಅವು ಹಾರಿ ಬಂದು ಅಂಟಿಕೊಳ್ಳುವುದನ್ನು ಯಾರು ತಾನೇ ಕಂಡಿಲ್ಲ? ಗ್ರೀಕರು ಇದನ್ನು ಅಂಬರ್ ಎಂಬ ಶಿಲೀಭೂತ ರಾಳದಲ್ಲಿ ಕಂಡರು. ಅವರ ಭಾಷೆಯಲ್ಲಿ ಅದರ ಹೆಸರು ಎಲೆಕ್ಟ್ರಾನ್. ಎಲೆಕ್ಟ್ರಿಸಿಟಿ ಎಂಬ ಶಬ್ದದ ಮೂಲ ಅದೇ. ಸಂಸ್ಕೃತ ನಿಘಂಟುಗಳು ಇದೇ ವಸ್ತುವನ್ನು ತೃಣಮಣಿ ಎನ್ನುತ್ತವೆ, ಹುಲ್ಲನ್ನು ಸೆಳೆಯುವ ಮಣಿ ಎಂಬ ಅರ್ಥದಲ್ಲಿ. ಗುಣವನ್ನು ನೋಡಿ ಹೆಸರಿಟ್ಟವರು ನಮ್ಮಲ್ಲಿಯೂ ಇದ್ದರು. ಆ ಗುಣದ ಕಾರಣವನ್ನು ಬೆನ್ನಟ್ಟಿದವರು ಇರಲಿಲ್ಲ. ಗ್ರೀಕರಲ್ಲಿಯೂ ಇರಲಿಲ್ಲವೆಂಬುದನ್ನು ಸಮಾಧಾನಕ್ಕಾಗಿ ಸೇರಿಸಬಹುದು.

ಬೆನ್ನಟ್ಟುವ ಕಾರ್ಯ ಆರಂಭವಾದದ್ದು 1600ರಲ್ಲಿ, ಇಂಗ್ಲೆಂಡಿನ ವೈದ್ಯ ವಿಲಿಯಂ ಗಿಲ್ಬರ್ಟನ ಗ್ರಂಥದಿಂದ. ಗಾಜು, ಗಂಧಕ, ಅರಗು ಮೊದಲಾದ ಅನೇಕ ವಸ್ತುಗಳಿಗೂ ಈ ಸೆಳೆತ ಉಂಟೆಂದು ಅವನು ತೋರಿಸಿದನು. 1729ರಲ್ಲಿ ಸ್ಟೀಫನ್ ಗ್ರೇ ಎಂಬಾತನು ಈ ಗುಣವು ಕೆಲವು ವಸ್ತುಗಳ ಮೂಲಕ ದೂರಕ್ಕೆ ಹರಿಯುತ್ತದೆ, ಕೆಲವುಗಳ ಮೂಲಕ ಹರಿಯದು ಎಂಬುದನ್ನು ಕಂಡನು. ವಾಹಕ, ಅವಾಹಕ ಎಂಬ ವಿಭಾಗ ಅಲ್ಲಿಂದ ಬಂದದ್ದು. ಕೆಲವೇ ವರ್ಷಗಳಲ್ಲಿ ಫ್ರಾನ್ಸಿನ ದ್ಯುಫೇ ಇನ್ನೊಂದು ಹೆಜ್ಜೆ ಮುಂದೆ ಹೋದನು. ರೇಷ್ಮೆಯಿಂದ ಉಜ್ಜಿದ ಎರಡು ಗಾಜಿನ ಕಡ್ಡಿಗಳು ಒಂದನ್ನೊಂದು ದೂರ ತಳ್ಳುತ್ತವೆ. ಉಣ್ಣೆಯಿಂದ ಉಜ್ಜಿದ ಎರಡು ಅರಗಿನ ಕಡ್ಡಿಗಳೂ ಹಾಗೆಯೇ. ಆದರೆ ಗಾಜೂ ಅರಗೂ ಪರಸ್ಪರ ಸೆಳೆಯುತ್ತವೆ. ಆದುದರಿಂದ ವಿದ್ಯುತ್ತು ಎರಡು ಬಗೆಯದು ಎಂದು ಅವನು ಸಾರಿದನು. ಇವುಗಳನ್ನು ಧನ, ಋಣ ಎಂದು ಕರೆಯುವ ವಾಡಿಕೆ ಬೆಂಜಮಿನ್ ಫ್ರಾಂಕ್ಲಿನ್ನನಿಂದ ಬಂದಿತು.

ಈಗಿನ ವಿವರಣೆ ಸುಲಭವಾಗಿದೆ. ಪ್ರತಿಯೊಂದು ಪರಮಾಣುವಿನ ನಡುವೆ ಧನವಿದ್ಯುತ್ತಿನ ಬೀಜವೂ ಅದರ ಸುತ್ತ ಋಣವಿದ್ಯುತ್ತಿನ ಎಲೆಕ್ಟ್ರಾನುಗಳೂ ಇರುತ್ತವೆ. ಸಾಮಾನ್ಯವಾಗಿ ಎರಡೂ ಸರಿತೂಗುವುದರಿಂದ ವಸ್ತು ಉದಾಸೀನವಾಗಿ ತೋರುತ್ತದೆ. ಉಜ್ಜಿದಾಗ ಕೆಲವು ಎಲೆಕ್ಟ್ರಾನುಗಳು ಗಾಜಿನಿಂದ ರೇಷ್ಮೆಗೆ ದಾಟುತ್ತವೆ; ಕಳೆದುಕೊಂಡ ಗಾಜು ಧನ, ಪಡೆದುಕೊಂಡ ರೇಷ್ಮೆ ಋಣ. ಹೊಸದಾಗಿ ಏನೂ ಹುಟ್ಟಲಿಲ್ಲ, ಇದ್ದುದೇ ಕೈ ಬದಲಾಯಿಸಿತು, ಅಷ್ಟೆ. ಅವಾಹಕದ ಮೇಲೆ ಹೀಗೆ ಸೇರಿ ಹರಿಯಲು ದಾರಿಯಿಲ್ಲದೆ ನಿಂತದ್ದೇ ಸ್ಥಾಯೀ ವಿದ್ಯುತ್ತು.

ನಿಂತದ್ದನ್ನು ಹೆಚ್ಚಾಗಿ ಕೂಡಿಡುವ ಉಪಾಯ 1745-46ರಲ್ಲಿ ದೊರೆಯಿತು. ಒಳಗೂ ಹೊರಗೂ ಲೋಹದ ತಗಡು ಸುತ್ತಿದ ಗಾಜಿನ ಪಾತ್ರೆಯದು. ಹಾಲೆಂಡಿನ ಲೈಡನ್ ನಗರದ ಹೆಸರಿನಿಂದ ಪ್ರಸಿದ್ಧವಾಗಿದೆ. ಅದನ್ನು ಮುಟ್ಟಿದವನಿಗೆ ಒಂದು ಬಲವಾದ ಪೆಟ್ಟು. ಆಮೇಲೆ ಪಾತ್ರೆ ಖಾಲಿ. ಯೂರೋಪಿನ ಆಸ್ಥಾನಗಳಲ್ಲಿ ಇದೊಂದು ವಿನೋದವಾಯಿತು. ಆದರೆ ಒಂದು ಕ್ಷಣದಲ್ಲಿ ಮುಗಿದುಹೋಗುವ ಶಕ್ತಿಯಿಂದ ಗಿರಣಿ ತಿರುಗದು, ಗಣಿಯ ನೀರು ಮೇಲಕ್ಕೆ ಬಾರದು. ಸುಮಾರು ಇನ್ನೂರು ವರ್ಷಗಳ ಕಾಲ ವಿದ್ಯುತ್ತು ಪಂಡಿತರ ಕುತೂಹಲವಾಗಿಯೇ ಉಳಿದದ್ದಕ್ಕೆ ಮುಖ್ಯ ಕಾರಣ ಇದು ಎಂಬುದು ಈ ಲೇಖಕನ ಅಭಿಪ್ರಾಯ.

ಅದೇ ಸ್ಥಾಯೀ ವಿದ್ಯುತ್ತು ನಿಸರ್ಗದಲ್ಲಿ ವಿನೋದವಲ್ಲ. ಮುಂಗಾರಿಗೆ ಮುನ್ನ, ಅಶ್ವಿನಿ ಭರಣಿ ಮಳೆಗಳ ಕಾಲದಲ್ಲಿ, ಹುಣಸೂರು ಪಿರಿಯಾಪಟ್ಟಣಗಳ ಕಡೆ ಮಧ್ಯಾಹ್ನದ ಮೇಲೆ ಏಳುವ ಕರಿಮೋಡಗಳೊಳಗೆ ಮಂಜಿನ ಹರಳುಗಳೂ ಆಲಿಕಲ್ಲಿನ ಕಣಗಳೂ ಪರಸ್ಪರ ತಾಗಿ ವಿದ್ಯುತ್ತನ್ನು ಹಂಚಿಕೊಳ್ಳುತ್ತವೆ. ಮೋಡದ ತಳಭಾಗದಲ್ಲಿ ಸಾಮಾನ್ಯವಾಗಿ ಋಣವಿದ್ಯುತ್ತು ಸೇರುತ್ತದೆ, ಅದರ ಕೆಳಗಿನ ನೆಲದಲ್ಲಿ ಧನ. ನಡುವಣ ಗಾಳಿ ಅವಾಹಕ. ಒತ್ತಡ ಕೋಟಿಗಟ್ಟಲೆ ವೋಲ್ಟುಗಳಿಗೆ ಏರಿದಾಗ ಆ ಗಾಳಿಯೇ ಸೀಳಿ ದಾರಿ ಕೊಡುತ್ತದೆ, ಸಿಡಿಲು ಎರಗುತ್ತದೆ. ಸಿಡಿಲೂ ವಿದ್ಯುತ್ತೂ ಒಂದೇ ಎಂಬುದು 1752ರ ಪ್ರಯೋಗಗಳಿಂದ ಸಿದ್ಧವಾಯಿತು. ಮರುವರ್ಷವೇ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಅಂಥ ಪ್ರಯೋಗದಲ್ಲಿ ತೊಡಗಿದ್ದ ರಿಖ್‌ಮನ್ ಎಂಬ ವಿದ್ವಾಂಸನು ಸಿಡಿಲು ಬಡಿದು ತೀರಿಕೊಂಡನು. ಹೊಲದ ನಡುವಣ ಒಂಟಿ ಮರದಡಿಯಲ್ಲಿ ಮಳೆಗೆ ನಿಲ್ಲುವ ನಮ್ಮ ಕುರಿಗಾಹಿಗಳು ಎದುರಿಸುವುದೂ ಅದೇ ಅಪಾಯವನ್ನು. ಎತ್ತರದ ಮರವು ಸಿಡಿಲಿಗೆ ಹತ್ತಿರದ ದಾರಿ. ಅಲ್ಲಿಂದ ಅದು ಪಕ್ಕದಲ್ಲಿ ನಿಂತವನ ಮೈಗೂ ಹಾರಬಲ್ಲುದು, ನೆಲದಲ್ಲಿ ಹರಡಿ ಜಾನುವಾರುಗಳ ಕಾಲುಗಳ ನಡುವೆಯೂ ಹರಿಯಬಲ್ಲುದು.

1800ರಲ್ಲಿ ಇಟಲಿಯ ಅಲೆಸಾಂದ್ರೋ ವೋಲ್ಟ ಪ್ರಕಟಪಡಿಸಿದ ಉಪಕರಣ ನೋಡಲು ಬಡವಾಗಿತ್ತು: ಸತು ಮತ್ತು ತಾಮ್ರ ಅಥವಾ ಬೆಳ್ಳಿಯ ಬಿಲ್ಲೆಗಳು, ನಡುನಡುವೆ ಉಪ್ಪುನೀರಿನಲ್ಲಿ ನೆನೆಸಿದ ರಟ್ಟು, ಇಷ್ಟೇ. ಕಿಡಿ ಹಾರಲಿಲ್ಲ, ಸದ್ದಾಗಲಿಲ್ಲ. ಆದರೆ ಎರಡು ತುದಿಗಳನ್ನು ತಂತಿಯಿಂದ ಜೋಡಿಸಿದಾಗ ವಿದ್ಯುತ್ತು ಎಡೆಬಿಡದೆ ಹರಿಯಿತು. ಇದೇ ವಿದ್ಯುತ್ಪ್ರವಾಹ.

ಪ್ರವಾಹದ ಸ್ವರೂಪವನ್ನು ನಮ್ಮ ವಿದ್ಯಾರ್ಥಿಗಳಿಗೆ ವಿವರಿಸಲು ದೂರ ಹೋಗಬೇಕಾಗಿಲ್ಲ. ಕೃಷ್ಣರಾಜನಗರದ ಸೀಮೆಯಲ್ಲಿ ಕಾವೇರಿಗೆ ಅಡ್ಡವಾಗಿ ಚಾಮರಾಜ ಕಟ್ಟೆಯಿದೆ. ಹುಣಸೂರಿನ ಕಡೆ ಲಕ್ಷ್ಮಣತೀರ್ಥಕ್ಕೆ ಹನಗೋಡಿನ ಕಟ್ಟೆಯಿದೆ. ಕಟ್ಟೆಯ ಹಿಂದಿನ ನೀರಿನ ಮಟ್ಟಕ್ಕೂ ಗದ್ದೆಯ ಮಟ್ಟಕ್ಕೂ ಇರುವ ಅಂತರವು ನೀರನ್ನು ತಳ್ಳುತ್ತದೆ. ವಿದ್ಯುತ್ತಿನಲ್ಲಿ ಈ ಅಂತರವನ್ನು ವಿಭವಾಂತರವೆಂದು ಕರೆದು ವೋಲ್ಟುಗಳಲ್ಲಿ ಅಳೆಯುತ್ತಾರೆ. ತೂಬಿನಿಂದ ಒಂದು ಸೆಕೆಂಡಿನಲ್ಲಿ ಎಷ್ಟು ನೀರು ಹರಿಯಿತೆಂಬುದಕ್ಕೆ ಸಮನಾದದ್ದು ಪ್ರವಾಹದ ಪ್ರಮಾಣ; ಅದರ ಅಳತೆ ಆಂಪೇರ್. ಕಾಲುವೆ ಉದ್ದವಾಗಿ, ಕಿರಿದಾಗಿ, ಹೂಳು ತುಂಬಿದ್ದರೆ ಹರಿವು ಕುಗ್ಗುತ್ತದೆ. ತಂತಿಯ ಇಂಥ ಗುಣವೇ ರೋಧ, ಅದರ ಅಳತೆ ಓಮ್. ವಿಭವಾಂತರವನ್ನು ರೋಧದಿಂದ ಭಾಗಿಸಿದರೆ ಪ್ರವಾಹ ದೊರೆಯುತ್ತದೆಂಬ ನಿಯಮವನ್ನು ಜರ್ಮನಿಯ ಗೇಯೋರ್ಗ್ ಓಮ್ 1827ರಲ್ಲಿ ಪ್ರಕಟಿಸಿದನು. 230 ವೋಲ್ಟಿನ ಮನೆಯ ತಂತಿಗೆ 460 ಓಮ್ ರೋಧದ ದೀಪವನ್ನು ಜೋಡಿಸಿದರೆ ಹರಿಯುವುದು ಅರ್ಧ ಆಂಪೇರ್. ಎರಡನ್ನೂ ಗುಣಿಸಿದಾಗ ಬರುವ 115 ವಾಟ್ ಆ ದೀಪದ ಸಾಮರ್ಥ್ಯ.

ಈ ಹೋಲಿಕೆಗೂ ಒಂದು ಎಲ್ಲೆಯುಂಟು. ಕಾಲುವೆ ಒಡೆದರೆ ನೀರು ಹೊರಕ್ಕೆ ಚೆಲ್ಲುತ್ತದೆ. ತಂತಿ ಕಡಿದರೆ ಪ್ರವಾಹ ಚೆಲ್ಲುವುದಿಲ್ಲ, ನಿಲ್ಲುತ್ತದೆ. ಹೊರಟಲ್ಲಿಗೆ ಮರಳುವ ಸುತ್ತುದಾರಿ ಪೂರ್ಣವಾಗಿದ್ದರೆ ಮಾತ್ರ ವಿದ್ಯುತ್ತು ಹರಿಯುವುದು. ಗಾಳಿಮಳೆಗೆ ಕಡಿದು ಬಿದ್ದ ಜೀವಂತ ತಂತಿಯನ್ನು ಮುಟ್ಟಿದವನ ಮೈಯೂ ಕಾಲಡಿಯ ನೆಲವೂ ಆ ಸುತ್ತನ್ನು ಪೂರ್ಣಗೊಳಿಸುತ್ತವೆ. ಅದರಿಂದಲೇ ಸಾವು.

ಶಬ್ದಗಳ ವಿಷಯವಾಗಿಯೂ ಇಲ್ಲಿ ಒಂದು ಮಾತು. 1918-19ರಲ್ಲಿ ಬೆಂಗಳೂರಿನಿಂದ ಹೊರಟ ‘ವಿಜ್ಞಾನ’ ಮಾಸಪತ್ರಿಕೆಯಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ಕನ್ನಡದಲ್ಲಿ ಶಾಸ್ತ್ರವನ್ನು ಹೇಳುವ ಹಾದಿ ಹಾಕಿಕೊಟ್ಟರು. ಪಂಡಿತರ ಕನ್ನಡದಲ್ಲಿ ನೆಲೆಗೊಂಡ ‘ವಿದ್ಯುತ್’ ಎಂಬುದು ಮೂಲತಃ ಮಿಂಚಿನ ಹೆಸರು, ಎಂದರೆ ಸ್ಥಾಯೀ ವಿದ್ಯುತ್ತಿನ ಹೊರಚಿಮ್ಮುವಿಕೆಯ ಹೆಸರು. ಹಳ್ಳಿಯ ಜನ ಅದನ್ನು ಬಿಟ್ಟು ‘ಕರೆಂಟು’ ಎಂಬುದನ್ನು ಹಿಡಿದರು. ಕರೆಂಟು ಬಂತು, ಕರೆಂಟು ಹೋಯಿತು ಎಂದರು. ತಂತಿಯಲ್ಲಿ ಬರುವುದು ಹರಿವೇ ಆದುದರಿಂದ ಈ ವಿಷಯದಲ್ಲಿ ರೈತನ ಮಾತು ಪಂಡಿತನ ಮಾತಿಗಿಂತ ನಿಷ್ಕೃಷ್ಟವಾದದ್ದು.

ಬಿಲ್ಲೆಗಳ ಅಟ್ಟಿಯಿಂದ ವಿದ್ಯುದಾಗಾರಕ್ಕೆ ಬರಲು ಮತ್ತೆ ಎರಡು ಹೆಜ್ಜೆಗಳು ಬೇಕಾದವು. 1820ರಲ್ಲಿ ಡೆನ್ಮಾರ್ಕಿನ ಅರ್‌ಸ್ಟೆಡ್ ಪ್ರವಾಹವಿರುವ ತಂತಿಯ ಬಳಿ ದಿಕ್ಸೂಚಿ ವಾಲುವುದನ್ನು ಕಂಡನು. 1831ರಲ್ಲಿ ಮೈಕೇಲ್ ಫ್ಯಾರಡೆ ಇದರ ಮರುಮುಖವನ್ನು, ಅಂದರೆ ಅಯಸ್ಕಾಂತದ ಎದುರು ತಂತಿಯ ಸುರುಳಿ ಚಲಿಸಿದರೆ ಅದರಲ್ಲಿ ಪ್ರವಾಹ ಹುಟ್ಟುವುದನ್ನು, ತೋರಿಸಿದನು. ಸುರುಳಿಯನ್ನೋ ಅಯಸ್ಕಾಂತವನ್ನೋ ತಿರುಗಿಸಲು ಶಕ್ತಿ ಬೇಕು. ಬೀಳುವ ನೀರಿನಲ್ಲಿ ಅದು ಇದೆ.

ಶಿವನಸಮುದ್ರದಲ್ಲಿ ಇದನ್ನು ಸಾಧಿಸಿದ ಕಥೆ ಪ್ರಸಿದ್ಧವಾದದ್ದು. ದಿವಾನ್ ಶೇಷಾದ್ರಿ ಅಯ್ಯರ್ ಯೋಜನೆಗೆ ಬೆಂಬಲವಾಗಿ ನಿಂತರು. ಎಂಜಿನಿಯರ್ ಜೋಲಿ ಡಿ ಲೋಟ್‌ಬಿನಿಯೇರ್ ಪಶ್ಚಿಮ ದೇಶಗಳಿಗೆ ಹೋಗಿ ಪರಿಶೀಲಿಸಿ ಬಂದರು. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪೆನಿ ವಿದ್ಯುದ್ಯಂತ್ರಗಳನ್ನೂ ಸ್ವಿಟ್ಸರ್ಲೆಂಡಿನ ಎಷರ್ ವೀಸ್ ಕಂಪೆನಿ ನೀರಿನ ಚಕ್ರಗಳನ್ನೂ ಒದಗಿಸಿದವು. ಸುಮಾರು 400 ಅಡಿಗಳ ಇಳಿತದಲ್ಲಿ, ತಲಾ 720 ಕಿಲೋವಾಟಿನ 6 ಯಂತ್ರಗಳು, ಒಟ್ಟು 4,320 ಕಿಲೋವಾಟ್. 1902ರ ಜೂನ್ 30ರಂದು ಪ್ರವಾಹ ಹೊರಟಿತು. ಶೇಷಾದ್ರಿ ಅಯ್ಯರ್ ಅದನ್ನು ಕಾಣಲಿಲ್ಲ, 1901ರಲ್ಲಿಯೇ ತೀರಿಕೊಂಡಿದ್ದರು. ಪ್ರವಾಹ ಹೋದದ್ದು 92 ಮೈಲಿ, ಎಂದರೆ 148 ಕಿಲೋಮೀಟರಿನಷ್ಟು ದೂರದ ಕೋಲಾರದ ಚಿನ್ನದ ಗಣಿಗಳಿಗೆ. ಅಂದಿನ ಜಗತ್ತಿನ ಅತ್ಯಂತ ಉದ್ದದ ವಿದ್ಯುನ್ಮಾರ್ಗಗಳಲ್ಲಿ ಅದೊಂದು.

ಅಷ್ಟು ದೂರ ಹೋದದ್ದು ಹೇಗೆ? ಉತ್ತರ ಮೇಲೆ ಹೇಳಿದ ಗುಣಾಕಾರದಲ್ಲಿದೆ. ಒಂದೇ ಸಾಮರ್ಥ್ಯವನ್ನು ಹೆಚ್ಚು ವೋಲ್ಟು, ಕಡಿಮೆ ಆಂಪೇರಿನಲ್ಲಿಯೂ ಒಯ್ಯಬಹುದು. ಕಡಿಮೆ ವೋಲ್ಟು, ಹೆಚ್ಚು ಆಂಪೇರಿನಲ್ಲಿಯೂ ಒಯ್ಯಬಹುದು. ಆದರೆ ತಂತಿ ಬಿಸಿಯಾಗಿ ವ್ಯರ್ಥವಾಗುವ ಶಕ್ತಿಯು ಆಂಪೇರಿನ ವರ್ಗಕ್ಕೆ ಅನುಗುಣವಾಗಿದೆ. ಶಿವನಸಮುದ್ರದ ಮಾರ್ಗದಲ್ಲಿ ಒತ್ತಡ ಸುಮಾರು 35,000 ವೋಲ್ಟ್. ಅದರ ಬದಲು 350 ವೋಲ್ಟಿನಲ್ಲಿ ಅದೇ ಸಾಮರ್ಥ್ಯವನ್ನು ಕಳುಹಿಸಲೆತ್ನಿಸಿದ್ದರೆ ಪ್ರವಾಹ 100 ಪಟ್ಟು ಬೇಕಾಗುತ್ತಿತ್ತು, ಅದೇ ತಂತಿಯಲ್ಲಿ ನಷ್ಟ 10,000 ಪಟ್ಟಾಗುತ್ತಿತ್ತು. ಎಂದರೆ ಕೋಲಾರಕ್ಕೆ ಏನೂ ತಲಪುತ್ತಿರಲಿಲ್ಲ. ಒತ್ತಡವನ್ನು ಏರಿಸುವ, ಇಳಿಸುವ ಸಾಧನ ಟ್ರಾನ್ಸ್‌ಫಾರ್ಮರ್, ಇಂದು ಹಳ್ಳಿಗಳಲ್ಲಿ ಟಿ.ಸಿ. ಎಂದು ಕರೆಯುವ ಪೆಟ್ಟಿಗೆ. ಅದು ಕೆಲಸಮಾಡುವುದು ದಿಕ್ಕು ಬದಲಾಯಿಸುತ್ತಿರುವ ಪರ್ಯಾಯ ಪ್ರವಾಹದಲ್ಲಿ ಮಾತ್ರ. ಆದುದರಿಂದಲೇ ಇಲ್ಲಿ ಸೆಕೆಂಡಿಗೆ 25 ಆವರ್ತನೆಗಳ ಪರ್ಯಾಯ ಪ್ರವಾಹವನ್ನು ಆರಿಸಿಕೊಂಡರು.

ಈ ಲೆಕ್ಕದಲ್ಲಿಯೇ ಹಳ್ಳಿಗಳ ಭಾಗ್ಯವೂ ಅಡಗಿತ್ತು. 35,000 ವೋಲ್ಟಿನ ತಂತಿ ತಲೆಯ ಮೇಲೆ ಹಾದು ಹೋದರೂ ಅದರಿಂದ ಒಂದು ದೀಪವನ್ನು ಹೊತ್ತಿಸುವುದು ಶಕ್ಯವಿಲ್ಲ. ಒತ್ತಡ ಇಳಿಸುವ ಕೇಂದ್ರ ಬೇಕು, ಕಂಬ ಬೇಕು, ಹಂಚುವ ತಂತಿ ಬೇಕು. ಅಷ್ಟು ವೆಚ್ಚವನ್ನು ತೆರಬಲ್ಲ ಗಿರಾಕಿ ಗಣಿ. ಸಂಜೆ ಒಂದು ಬುಡ್ಡಿಯ ಸೀಮೆಎಣ್ಣೆಯಲ್ಲಿ ದಿನ ಮುಗಿಸುವ ಮನೆ ಅಲ್ಲ. ಗಣಿಗಳ ಅನಂತರ 1905ರಲ್ಲಿ ಬೆಂಗಳೂರಿಗೆ, 1908ರಲ್ಲಿ ಮೈಸೂರಿಗೆ ದೀಪ ಬಂದಿತು. ಮೈಸೂರಿನ ಅರಮನೆ ಬೆಳಗಿದ ಕಾಲದಲ್ಲಿ ಅಲ್ಲಿಂದ 30 ಮೈಲಿಯೊಳಗಿನ ಹುಣಸೂರಿನ ಹಳ್ಳಿಗಳು ಕತ್ತಲೆಯಲ್ಲಿದ್ದವು. ಇದನ್ನು ಸಂಸ್ಥಾನದ ನಿರ್ದಯೆ ಎನ್ನುವುದು ಅತಿಶಯೋಕ್ತಿಯಾದೀತು. ವಿಜ್ಞಾನದ ಅನಿವಾರ್ಯತೆಯೆಂದು ಕೈ ತೊಳೆದುಕೊಳ್ಳುವುದೂ ಸರಿಯಲ್ಲ, ಏಕೆಂದರೆ ಓಮನ ನಿಯಮವು ತಂತಿ ಯಾವ ದಿಕ್ಕಿಗೆ ಹೋಗಬೇಕೆಂದು ಹೇಳುವುದಿಲ್ಲ. ಅದನ್ನು ನಿರ್ಣಯಿಸಿದ್ದು ಬೊಕ್ಕಸ.

ಪರ್ಯಾಯ ಪ್ರವಾಹಕ್ಕೆ ಒಂದು ಕೊರತೆಯುಂಟು: ಅದನ್ನು ಹಾಗೆಯೇ ಕೂಡಿಡಲು ಬರುವುದಿಲ್ಲ. ಬೇಸಗೆಯಲ್ಲಿ ಕಾವೇರಿ ಸೊರಗಿದಾಗ ಶಿವನಸಮುದ್ರದ ಯಂತ್ರಗಳೂ ಸೊರಗುತ್ತಿದ್ದವು. ಗಣಿಗಳಾದರೋ ಹೆಚ್ಚು ಹೆಚ್ಚು ಕೇಳುತ್ತಿದ್ದವು. ವಿದ್ಯುತ್ತನ್ನು ಕೂಡಿಡಲಾಗದಿದ್ದರೆ ಅದನ್ನು ಹುಟ್ಟಿಸುವ ನೀರನ್ನು ಕೂಡಿಡಬೇಕು. 1909ರಲ್ಲಿ ಮುಖ್ಯ ಎಂಜಿನಿಯರಾಗಿ ಬಂದ ವಿಶ್ವೇಶ್ವರಯ್ಯನವರು ಕನ್ನಂಬಾಡಿಯ ಕಟ್ಟೆಗಾಗಿ ವಾದಿಸಿದಾಗ ನೀರಾವರಿಯಷ್ಟೇ ಬಲವಾಗಿ ಮುಂದಿಟ್ಟ ಕಾರಣ ಇದು. 1911ರಲ್ಲಿ ಕೆಲಸ ಆರಂಭವಾಯಿತು. ಮದರಾಸು ಸರ್ಕಾರದೊಡನೆ ನಡೆದ ದೀರ್ಘ ವಿವಾದ 1924ರ ಒಪ್ಪಂದದಲ್ಲಿ ಮುಗಿದು, 1930ರ ದಶಕದ ಆದಿಯಲ್ಲಿ ಕೃಷ್ಣರಾಜಸಾಗರ ಪೂರ್ಣವಾಯಿತು. ಲೈಡನ್ ಪಾತ್ರೆಯು ಗಾಜಿನಲ್ಲಿ ಮಾಡಿದ ಕೆಲಸವನ್ನು ಈ ಕಟ್ಟೆ ಕಲ್ಲುಗಾರೆಯಲ್ಲಿ ಮಾಡಿತೆನ್ನಬಹುದು: ಬಂದಾಗ ಕೂಡಿಟ್ಟು ಬೇಕಾದಾಗ ಬಿಡುವುದು. ಒಂದೇ ಭೇದವೆಂದರೆ ಇದು ಸಿಡಿಯದೆ, ತೂಬಿನ ಅಳತೆಯಲ್ಲಿ ಬಿಡುತ್ತದೆ.

ಆ ಸಂಗ್ರಹದ ಹಿನ್ನೀರು ಚಾಚಿದ್ದು ಕೃಷ್ಣರಾಜನಗರದ ಸೀಮೆಯ ಕಡೆಗೆ. ಅಂದು ತಾಲ್ಲೂಕಿನ ಹೆಸರು ಎಡತೊರೆ. ಅರ್ಕೇಶ್ವರ ದೇವಾಲಯವಿರುವ ಆ ಹಳೆಯ ಊರು ಕಾವೇರಿಯ ದಡದಲ್ಲಿದ್ದು ನೆರೆಯ ಭಯಕ್ಕೆ ಒಳಗಾಗಿದ್ದುದರಿಂದ ಸಮೀಪದ ಎತ್ತರದಲ್ಲಿ ಹೊಸ ಪಟ್ಟಣವನ್ನು ಕಟ್ಟಿ ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರನ್ನಿಟ್ಟರು. ಕಟ್ಟೆಗೂ ಪಟ್ಟಣಕ್ಕೂ ಅರಸರ ಹೆಸರು ಒಂದೇ; ಕಟ್ಟೆಯ ನೀರಿನಿಂದ ಹುಟ್ಟಿದ ವಿದ್ಯುತ್ತಿನ ಮೊದಲ ಹಕ್ಕು ಮಾತ್ರ ಬೇರೆಯವರದು.

1940ರಲ್ಲಿ ಶಿಂಷಾ, 1948ರಲ್ಲಿ ಜೋಗದ ವಿದ್ಯುದಾಗಾರಗಳು ಸೇರಿಕೊಂಡವು. 1957ರಲ್ಲಿ ಮೈಸೂರು ರಾಜ್ಯ ವಿದ್ಯುಚ್ಛಕ್ತಿ ಮಂಡಲಿ ಸ್ಥಾಪಿತವಾಯಿತು. ನಾಲ್ಕು ತಾಲ್ಲೂಕುಗಳ ಬಹುಪಾಲು ಹಳ್ಳಿಗಳಿಗೆ ಕಂಬಗಳು ಬಂದದ್ದು ಆ ಮೇಲಣ ದಶಕಗಳಲ್ಲಿ, ಅದರಲ್ಲಿಯೂ ಪಂಪ್‌ಸೆಟ್ಟುಗಳ ಬೆನ್ನು ಹಿಡಿದು. ಬಡವರ ಮನೆಗೆ ಒಂದೊಂದು ದೀಪ ಕೊಡುವ ಭಾಗ್ಯಜ್ಯೋತಿ ಯೋಜನೆ ಅದರ ಮುಂದಿನ ಮಾತು. ಇಷ್ಟಾದರೂ ಪಿರಿಯಾಪಟ್ಟಣ, ಹುಣಸೂರುಗಳಲ್ಲಿ ಹೊಗೆಸೊಪ್ಪಿನ ಬೇಸಾಯಗಾರ ಎಲೆಯನ್ನು ಹದಗೊಳಿಸುವ ಬ್ಯಾರನ್ನಿನಲ್ಲಿ ಇಂದಿಗೂ ಹೆಚ್ಚಾಗಿ ಉರಿಯುವುದು ಸೌದೆಯೇ. ಅಷ್ಟು ಶಾಖವನ್ನು ತಂತಿಯಿಂದ ಕೊಳ್ಳುವುದು ಅವನ ಲೆಕ್ಕಕ್ಕೆ ಬರುವುದಿಲ್ಲ.

ಕೂಡಿಡುವ ಕಥೆ ಹೆಗ್ಗಡದೇವನಕೋಟೆಯಲ್ಲಿ ಮತ್ತೊಮ್ಮೆ ನಡೆಯಿತು. 1974ರಲ್ಲಿ ಬೀಚನಹಳ್ಳಿ, ಬಿದರಹಳ್ಳಿಗಳ ನಡುವೆ ಕಬಿನಿ ಅಣೆಕಟ್ಟು ಪೂರ್ಣವಾಯಿತು. ಮೈಸೂರಿನ ಖೆಡ್ಡಾಗಳಿಗೆ ಲೋಕಪ್ರಸಿದ್ಧವಾಗಿದ್ದ ಕಾಕನಕೋಟೆಯ ನದಿತೀರ ನೀರಿನೊಳಗಾಯಿತು. ಕೊನೆಯ ಖೆಡ್ಡಾ 1971ರಲ್ಲಿಯೇ ಮುಗಿದಿತ್ತು. ರೈತರ ಹಳ್ಳಿಗಳೊಡನೆ ಜೇನುಕುರುಬರೂ ನೆಲೆ ಕಳೆದುಕೊಂಡರು. ಅಣೆಕಟ್ಟಿನ ಬುಡದಲ್ಲಿ ಮುಂದೆ 20 ಮೆಗಾವಾಟಿನ ವಿದ್ಯುದಾಗಾರವೂ ಬಂದಿತು. ಎಂದರೆ 1902ರ ಶಿವನಸಮುದ್ರದ ನಾಲ್ಕು ಪಟ್ಟಿಗೂ ಮೀರಿದ ಶಕ್ತಿ ಇಂದು ಈ ತಾಲ್ಲೂಕಿನೊಳಗೇ ಹುಟ್ಟುತ್ತಿದೆ. ಆದರೆ ರಕ್ಷಿತಾರಣ್ಯದೊಳಗೆ ತಂತಿ ಎಳೆಯಲು 1980ರ ಅರಣ್ಯ ಸಂರಕ್ಷಣಾ ಕಾಯಿದೆಯ ಅನುಮತಿ ಬೇಕು. ಕಾಡಿನ ಹಾಡಿಗಳಲ್ಲಿ ಅನೇಕವು ಬೆಳಕನ್ನು ಕಂಡದ್ದು ಸೂರ್ಯನ ಫಲಕಗಳಿಂದ. ಆ ಫಲಕ ಕೊಡುವುದು ಏಕಮುಖ ಪ್ರವಾಹ, ಅದನ್ನು ರಾತ್ರಿಗಾಗಿ ಹಿಡಿದಿಡುವುದು ಬ್ಯಾಟರಿ, ಎಂದರೆ ವೋಲ್ಟನ ಬಿಲ್ಲೆಗಳ ಅಟ್ಟಿಯ ವಂಶಜ.

ಅದೇ ಕಾಡಂಚಿನಲ್ಲಿ ವೋಲ್ಟಿಗೂ ಆಂಪೇರಿಗೂ ಇರುವ ಭೇದವನ್ನು ಪ್ರತಿದಿನ ಪರೀಕ್ಷೆಗೊಡ್ಡುವ ಇನ್ನೊಂದು ತಂತಿಯಿದೆ. ನಾಗರಹೊಳೆಯ ಸುತ್ತ, ಹುಣಸೂರು ಹೆಗ್ಗಡದೇವನಕೋಟೆಗಳ ಹೊಲಗಳಿಗೆ ಆನೆ ನುಗ್ಗದಂತೆ ಹಾಕಿದ ಸೌರಬೇಲಿ ಅದು. ಅದರ ಒತ್ತಡ ಹಲವು ಸಾವಿರ ವೋಲ್ಟ್, ಆದರೆ ಅದು ಬರುವುದು ಸೆಕೆಂಡಿಗೆ ಸುಮಾರು ಒಂದು ಬಾರಿ, ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಕಡಿಮೆ ಹೊತ್ತು, ಅತ್ಯಲ್ಪ ಶಕ್ತಿಯೊಡನೆ. ಆನೆಗೆ ಪೆಟ್ಟು ತಗಲುತ್ತದೆ, ಪ್ರಾಣ ಹೋಗುವುದಿಲ್ಲ. ಹಿಂದೆ ಹೇಳಿದ ಲೈಡನ್ ಪಾತ್ರೆಯ ಪೆಟ್ಟಿಗೆ ಇದು ಹತ್ತಿರದ ನೆಂಟ. ಇದಕ್ಕೆ ಬದಲಾಗಿ ಕಂಬದ 230 ವೋಲ್ಟಿನ ತಂತಿಯನ್ನೇ ಕದ್ದು ಬೇಲಿಗೆ ಕಟ್ಟಿದರೆ ಒತ್ತಡ ಕಡಿಮೆಯಾದರೂ ಪ್ರವಾಹ ನಿಲ್ಲದೆ ಹರಿದು ಆನೆಯೂ ಸಾಯುತ್ತದೆ, ಕತ್ತಲೆಯಲ್ಲಿ ಬೇಲಿ ದಾಟಹೋದ ಮನುಷ್ಯನೂ ಸಾಯುತ್ತಾನೆ. ಆನೆಗಳಾದರೋ ತಮ್ಮ ಪಾಠವನ್ನು ಕಲಿತಿವೆ: ದಂತ ವಿದ್ಯುತ್ತನ್ನು ಅಷ್ಟಾಗಿ ಒಯ್ಯದೆಂಬುದನ್ನು ಅರಿತಂತೆ ದಂತದಿಂದಲೇ ತಂತಿಯನ್ನೆತ್ತಿ ಕಡಿಯುತ್ತವೆ, ಒಣ ಮರದ ದಿಮ್ಮಿಯನ್ನು ಬೇಲಿಯ ಮೇಲೆ ಕೆಡವಿ ಹೊಲಕ್ಕಿಳಿಯುತ್ತವೆ. ನಾಗರಹೊಳೆಯ ಅಂಚಿನಲ್ಲಿ ಈಗ ಕೆಲವೆಡೆ ಬೇಲಿಯ ಬದಲು ಹಳೆಯ ರೈಲು ಕಂಬಿಗಳನ್ನು ನೆಟ್ಟು ತಡೆ ಕಟ್ಟಿದ್ದಾರೆ.